ಐಜಿಜಿ ಪಾಸಿಟಿವ್ ಎಂದರೆ ಡೆಂಗಿಯೇ?

ತಾಳಿಕೋಟೆಯ ಸೋದರಿಗೆ,

ಜ್ವರ ಬಂದ ಎರಡನೇ ದಿನವೇ ಮಗನ ರಕ್ತ ಕೊಟ್ಟಿದ್ದೀರಿ. ಕಾರ್ಡ್ ಪರೀಕ್ಷೆಯಲ್ಲಿ ಐಜಿಎಂ ನೆಗೆಟಿವ್, ಐಜಿಜಿ ಪಾಸಿಟಿವ್. ಬಂದದ್ದು ಡೆಂಗಿಯೇ ಎಂದು ಕೇಳುತ್ತೀರಿ. ಇದೊಂದೇ ವರದಿಯಿಂದ ಹೇಳಲಾಗದು.

ಐಜಿಎಂ ಪ್ರತಿಕಾಯ ರಕ್ತದಲ್ಲಿ ಕಾಣಿಸಲು ಸಾಮಾನ್ಯವಾಗಿ ನಾಲ್ಕೈದು ದಿನ ಬೇಕು. ಅಲ್ಲಿಯವರೆಗೆ ಹುಡುಕಬೇಕಾದದ್ದು ಎನ್‌ಎಸ್‌1 ಎಂಬ ವೈರಸ್ಸಿನದೇ ಪ್ರೋಟೀನನ್ನು. ಐಜಿಜಿ ಬಹುತೇಕ ಹಳೆಯ ಸೋಂಕಿನ ಗುರುತು, ವರ್ಷಗಟ್ಟಲೆ ಉಳಿಯುತ್ತದೆ. ಮಿದುಳು ಜ್ವರದ ಲಸಿಕೆ ಹಾಕಿಸಿದ ಮಕ್ಕಳಲ್ಲೂ ಕೆಲವೊಮ್ಮೆ ಕಾಣಿಸಬಹುದು. ಆದರೆ ಎರಡನೇ ಸಲ ಡೆಂಗಿ ತಗುಲಿದಾಗ ಅದು ಬೇಗ ಏರುತ್ತದೆ, ಕಾಯಿಲೆ ಬಿಗಡಾಯಿಸುವ ಸಂಭವವೂ ಹೆಚ್ಚು. ಅದಕ್ಕೇ ಆ ಚೀಟಿ ಜೋಪಾನವಾಗಿಡಿ, ಮುಂದೆ ಜ್ವರ ಬಂದರೆ ವೈದ್ಯರಿಗೆ ತೋರಿಸಿ.

ಆಗ ಕಾರ್ಡಿಗಿಂತ ಎಲಿಸಾ ಪರೀಕ್ಷೆಯನ್ನೇ ಕೇಳಿ: ಮೊದಲ ದಿನಗಳಲ್ಲಿ ಎನ್‌ಎಸ್‌1, ಐದು ದಿನ ದಾಟಿದರೆ ಐಜಿಎಂ. 2024ರಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳಿಗೆ ಇವೆರಡಕ್ಕೂ ತಲಾ 300 ರೂಪಾಯಿಯ ಮಿತಿ ಹಾಕಿತು.

ವರದಿಗೆ ಕಾಯುತ್ತ ಕೂರಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೆನ್ ಬೇಡವೇ ಬೇಡ. ಮಜ್ಜಿಗೆ, ಗಂಜಿ ಕುಡಿಸುತ್ತಿರಿ. ಜ್ವರ ಇಳಿದ ಮೇಲೆಯೇ ಹೆಚ್ಚು ಎಚ್ಚರ ಬೇಕು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು, ಯಾವುದೊಂದು ಕಂಡರೂ ರಾತ್ರಿಯೆನ್ನದೆ ಆಸ್ಪತ್ರೆಗೆ ಕರೆದೊಯ್ಯಿರಿ.