ಇಬ್ಬರಿಗೂ ಕೆಲಸ ಹೇಳುವವರು ಮೂರನೆಯವರು: ಪೋಷಕರೂ ಹರೆಯದ ಮಕ್ಕಳೂ ಕೂಡಿ ಮಾಡುವ ಸ್ವಯಂಸೇವೆ

ಯಾರ ಒತ್ತಾಯವೂ ಇಲ್ಲದೆ, ಕೂಲಿಯನ್ನಾಗಲಿ ಸಂಭಾವನೆಯನ್ನಾಗಲಿ ಬಯಸದೆ, ತಮ್ಮ ಸಮಯ, ಶ್ರಮ ಮತ್ತು ತಿಳಿವಳಿಕೆಯನ್ನು ಊರಿನ ಉಪಯೋಗಕ್ಕೆ ಒದಗಿಸುವುದನ್ನು ಸ್ವಯಂಸೇವೆ ಎನ್ನಲಾಗುತ್ತದೆ. ಹಣ ಅಥವಾ ವಸ್ತುವನ್ನು ಕೊಟ್ಟು ಮುಗಿಸುವ ದಾನಕ್ಕಿಂತ ಇದು ಬೇರೆ. ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಕೂಲಿಯಿಲ್ಲದೆ ದುಡಿದು, ತಮ್ಮ ಸರದಿ ಬಂದಾಗ ಅಷ್ಟೇ ದುಡಿಮೆಯನ್ನು ಮರಳಿ ಪಡೆಯುವ ಮುಯ್ಯಾಳು ಪದ್ಧತಿಗಿಂತಲೂ ಇದು ಬೇರೆ, ಏಕೆಂದರೆ ಮುಯ್ಯಿಗೆ ಮುಯ್ಯಿ ತೀರಿಸಬೇಕೆಂಬ ಲೆಕ್ಕ ಇಲ್ಲಿಲ್ಲ.

ಹದಿಮೂರರಿಂದ ಹದಿನೆಂಟರವರೆಗಿನ ಹರೆಯದಲ್ಲಿ ಮಕ್ಕಳು ಮನೆಯವರ ಮಾತಿಗೆ ಎದುರಾಡುವುದು, ಪೋಷಕರು ಮಾತೆತ್ತಿದರೆ ಬುದ್ಧಿ ಹೇಳುವುದು ಹಲವು ಮನೆಗಳಲ್ಲಿ ನಿತ್ಯದ ಸಂಗತಿ. ಆದರೆ ಇಬ್ಬರೂ ಗ್ರಂಥಾಲಯದ ಮೇಲ್ವಿಚಾರಕರ ಮುಂದೆಯೋ ರಕ್ತದಾನ ಶಿಬಿರದ ವೈದ್ಯರ ಮುಂದೆಯೋ ನಿಂತಾಗ, ಹೇಳುವವರು ಮತ್ತು ಕೇಳುವವರು ಎಂಬ ಮನೆಯ ಏರ್ಪಾಡು ಅಲ್ಲಿಗೆ ನಿಂತು, ಇಬ್ಬರಿಗೂ ಕೆಲಸ ಹೇಳುವವರು ಮೂರನೆಯವರಾಗುತ್ತಾರೆ. ಜಂಟಿ ಸ್ವಯಂಸೇವೆಯಿಂದ ಮನೆಗೆ ಆಗುವ ಲಾಭದ ಮೂಲ ಇದೇ ಆಗಿರುವುದರಿಂದ, ಮುಂದಿನ ಹಂತಗಳೆಲ್ಲವೂ ಈ ಸಮಾನತೆಯನ್ನು ಕಾಯ್ದುಕೊಳ್ಳುವ ಉಪಾಯಗಳೇ ಆಗಿವೆ.

ಹಂತ 1: ಕೆಲಸದ ಆಯ್ಕೆ

ಪೋಷಕರು ಮೊದಲೇ ತೀರ್ಮಾನಿಸಿ ಮಕ್ಕಳನ್ನು ಕರೆದೊಯ್ದರೆ ಅದು ಮನೆಗೆಲಸದ ಮುಂದುವರಿಕೆಯಾಗುತ್ತದೆಯೇ ಹೊರತು ಸ್ವಯಂಸೇವೆಯಾಗುವುದಿಲ್ಲ. ಇಬ್ಬರೂ ಬೇರೆ ಬೇರೆ ಹಾಳೆಗಳಲ್ಲಿ ಮೂರು ಮೂರು ಕೆಲಸಗಳನ್ನು ಬರೆದು, ಎರಡು ಪಟ್ಟಿಗಳಲ್ಲಿಯೂ ಇರುವುದನ್ನು ಮೊದಲು ಪರಿಗಣಿಸುವುದು, ಹಾಗೆ ಯಾವುದೂ ಹೊಂದದಿದ್ದರೆ ಮಕ್ಕಳ ಪಟ್ಟಿಯಿಂದ ಒಂದನ್ನು ಆರಿಸಿಕೊಳ್ಳುವುದು ಸೂಕ್ತ. ವಯಸ್ಸಿಗೂ ಸ್ವಭಾವಕ್ಕೂ ತಕ್ಕ ಕೆಲವು ಕೆಲಸಗಳು ಹೀಗಿವೆ:

• ರಕ್ತದಾನ ಶಿಬಿರ: ಭಾರತದಲ್ಲಿ ರಕ್ತದಾನಕ್ಕೆ 18ರಿಂದ 65 ವರ್ಷದ ವಯೋಮಿತಿಯಿದ್ದು, ದಾನಿಯ ತೂಕ 45 ಕಿಲೊಗಿಂತ ಕಡಿಮೆಯಿರಬಾರದು, ಹಿಮೊಗ್ಲೋಬಿನ್ ಪ್ರಮಾಣ ಡೆಸಿಲೀಟರಿಗೆ ಕನಿಷ್ಠ 12.5 ಗ್ರಾಂ ಇರಬೇಕು. ಒಮ್ಮೆ ಕೊಟ್ಟ ಮೇಲೆ ಪುರುಷರು 90 ದಿನ, ಮಹಿಳೆಯರು 120 ದಿನ ಕಾಯಬೇಕು. ಆದ್ದರಿಂದ ತಾಯಿ ಅಥವಾ ತಂದೆ ರಕ್ತ ಕೊಟ್ಟರೆ, ಮಗ ಅಥವಾ ಮಗಳು ಅರ್ಜಿ ತುಂಬಿಸುವುದು, ರಕ್ತ ಕೊಟ್ಟು ಬಂದವರಿಗೆ ಹಣ್ಣಿನ ರಸ, ಬಿಸ್ಕತ್ತು ನೀಡಿ ಅವರು ತಕ್ಷಣ ಎದ್ದು ಹೋಗದಂತೆ ನೋಡಿಕೊಳ್ಳುವುದು ಮುಂತಾದ ಹೊಣೆಗಳನ್ನು ವಹಿಸಿಕೊಳ್ಳಬಹುದು.

• ಪಿಂಚಣಿದಾರರಿಗೆ ನೆರವು: ಪಿಂಚಣಿ ಪಡೆಯುವವರು ತಾವು ಬದುಕಿರುವುದನ್ನು ವರ್ಷಕ್ಕೊಮ್ಮೆ ದೃಢಪಡಿಸುವ ದಾಖಲೆಯೇ ಜೀವನ ಪ್ರಮಾಣಪತ್ರ. ಅದರ ಡಿಜಿಟಲ್ ರೂಪವಾದ ‘ಜೀವನ್ ಪ್ರಮಾಣ್’ 2014ರ ನವೆಂಬರ್‌ನಲ್ಲಿ ಆರಂಭವಾಯಿತು. ಕೇಂದ್ರ ಸರ್ಕಾರದ ಪಿಂಚಣಿದಾರರು ಜೀವನ ಪ್ರಮಾಣಪತ್ರವನ್ನು ಪ್ರತಿ ನವೆಂಬರ್‌ನಲ್ಲಿ ಸಲ್ಲಿಸಬೇಕಾಗಿದ್ದು, 80 ವರ್ಷ ದಾಟಿದವರಿಗೆ ಅಕ್ಟೋಬರ್‌ನಿಂದಲೇ ಅವಕಾಶವಿದೆ. ಮೊಬೈಲ್ ಕ್ಯಾಮೆರಾದಲ್ಲಿ ಮುಖ ತೋರಿಸಿ ಡಿಜಿಟಲ್ ಪ್ರಮಾಣಪತ್ರ ಸಲ್ಲಿಸುವ ವಿಧಾನದಲ್ಲಿ ಹರೆಯದವರ ಕೈ ಚುರುಕು. ಆದರೆ ಮೊಬೈಲಿಗೆ ಬರುವ ಒಟಿಪಿಯನ್ನು ಪಿಂಚಣಿದಾರರೇ ಒತ್ತಬೇಕು, ಆಧಾರ್ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಬೇರೆಲ್ಲಿಯೂ ಬರೆದಿಟ್ಟುಕೊಳ್ಳಬಾರದು.

• ಹಕ್ಕಿ ಎಣಿಕೆ: ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ನಲ್ಲಿ, ಒಂದೆಡೆ ಕನಿಷ್ಠ 15 ನಿಮಿಷ ನಿಂತು ಕಂಡ ಹಕ್ಕಿಗಳ ಜಾತಿ ಮತ್ತು ಸಂಖ್ಯೆಯನ್ನು ದಾಖಲಿಸಬೇಕು. ಅಪರಿಚಿತರೊಡನೆ ಮಾತನಾಡಲು ಹಿಂಜರಿಯುವ ಮಕ್ಕಳಿಗೆ ಇದು ಒಳ್ಳೆಯ ಆರಂಭ.

• ಓದಿಸುವುದು ಮತ್ತು ಬರೆದುಕೊಡುವುದು: ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಓದುವುದು, ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವುದು ವರ್ಷಪೂರ್ತಿ ಬೇಡಿಕೆಯಿರುವ ಕೆಲಸಗಳಾಗಿರುವುದರಿಂದ ಇವನ್ನು 4 ಮತ್ತು 5ನೇ ಹಂತಗಳಲ್ಲಿ ವಿವರವಾಗಿ ನೋಡಲಾಗಿದೆ.

ಹಂತ 2: ಸಮಯದ ಲೆಕ್ಕ

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್ನೆಸ್ಸೆಸ್, ತನ್ನ ಸ್ವಯಂಸೇವಕರಿಗೆ ವರ್ಷಕ್ಕೆ 120 ಗಂಟೆಗಳ ಸೇವೆಯನ್ನು ನಿಗದಿಪಡಿಸಿದೆ. ವಾರಕ್ಕೆ ಹಂಚಿದರೆ ಇದು ಎರಡೂಕಾಲು ಗಂಟೆಯಷ್ಟಾಗುತ್ತದೆ. ಹೊಸದಾಗಿ ತೊಡಗುವ ಕುಟುಂಬವು ಇದರ ಅರ್ಧದಷ್ಟನ್ನು, ಅಂದರೆ ಹದಿನೈದು ದಿನಕ್ಕೊಮ್ಮೆ ಎರಡು ಗಂಟೆಯನ್ನು ಮೂರು ತಿಂಗಳ ಅವಧಿಗೆ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಪ್ರತಿ ವಾರವೂ ಬರುತ್ತೇವೆಂದು ಒಪ್ಪಿಕೊಂಡು ಮೂರನೆಯ ವಾರವೇ ತಪ್ಪಿಸುವುದರಿಂದ, ಕಾಯ್ದು ಕುಳಿತವರಿಗೆ ಏನೂ ಒಪ್ಪಿಕೊಳ್ಳದೇ ಇದ್ದುದಕ್ಕಿಂತ ಹೆಚ್ಚಿನ ನಿರಾಶೆಯಾಗುತ್ತದೆ. ಕಿರುಪರೀಕ್ಷೆ, ಮದುವೆ, ಜಾತ್ರೆ, ಕೊಯ್ಲಿನ ದಿನಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತಿಸಿ, ಆ ದಿನಗಳಂದು ಬರಲಾಗದು ಎಂಬುದನ್ನು ಮುಂಚಿತವಾಗಿಯೇ ತಿಳಿಸಬೇಕು.

ಹಂತ 3: ಅನುಮತಿ ಮತ್ತು ಎಚ್ಚರಿಕೆ

ಗ್ರಾಮ ಪಂಚಾಯತಿಯ ಗ್ರಂಥಾಲಯವಾದರೆ ಮೇಲ್ವಿಚಾರಕರನ್ನು ಹಾಗೂ ಪಿಡಿಒ ಎಂದೇ ಎಲ್ಲರೂ ಕರೆಯುವ ಪಂಚಾಯತಿ ಅಭಿವೃದ್ಧಿ ಅಧಿಕಾರಿಯನ್ನು, ಸರ್ಕಾರಿ ಶಾಲೆಯಾದರೆ ಮುಖ್ಯ ಶಿಕ್ಷಕರನ್ನು ಹಾಗೂ ಪೋಷಕ ಪ್ರತಿನಿಧಿಗಳಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು, ಅಂದರೆ ಎಸ್‌ಡಿಎಂಸಿಯನ್ನು, ಕಾಣಬೇಕು. ಏನು ಮಾಡುತ್ತೇವೆ, ಯಾವ ದಿನ ಬರುತ್ತೇವೆ, ಎಷ್ಟು ಹೊತ್ತು ಇರುತ್ತೇವೆ ಎಂಬ ಮೂರು ಸಂಗತಿಗಳಿರುವ ಒಂದು ಪುಟದ ಮನವಿ ಸಾಕು. ಅದನ್ನು ಮಗ ಅಥವಾ ಮಗಳು ಬರೆದು, ಇಬ್ಬರೂ ಸಹಿ ಮಾಡಿದರೆ, ಕೆಲಸವು ಇಬ್ಬರದೂ ಎಂಬುದು ಕಾಗದದ ಮೇಲೆಯೇ ಸ್ಪಷ್ಟವಾಗುತ್ತದೆ.

ವಾಹನದ ವಿಚಾರದಲ್ಲಿ ಸಡಿಲ ಬಿಡುವಂತಿಲ್ಲ. ‘ಊರೊಳಗೆ ತಾನೇ’ ಎಂದು ಅಪ್ರಾಪ್ತರ ಕೈಗೆ ಸ್ಕೂಟರ್ ಕೊಟ್ಟು ಸಾಮಾನು ತಲುಪಿಸಲು ಕಳಿಸುವ ರೂಢಿ ಹಲವೆಡೆ ಇದೆ. ಆದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಅಪ್ರಾಪ್ತರು ವಾಹನ ಚಾಲನೆಯ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಕೆರೆಯಂಗಳ ಶುಚಿಗೊಳಿಸುವಾಗ ದಡದ ಕೆಲಸಕ್ಕಷ್ಟೇ ಮಕ್ಕಳನ್ನು ಸೇರಿಸಿ, ನೀರಿಗಿಳಿಯುವುದು, ಒಡೆದ ಗಾಜು, ಸೂಜಿ, ಔಷಧದ ತ್ಯಾಜ್ಯ ಮುಟ್ಟುವುದು ಇತ್ಯಾದಿಗಳಿಂದ ದೂರವಿಡಬೇಕು.

ಹಂತ 4: ಗ್ರಂಥಾಲಯದಲ್ಲಿ ಒಂದು ಬೈಠಕ್ಕು

ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮವನ್ನು ಆರಂಭಿಸಿ, ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡತೊಡಗಿತು. ಈಗ ‘ಅರಿವು ಕೇಂದ್ರ’ ಎಂಬ ಹೆಸರು ಹೊತ್ತಿರುವ ಈ ಗ್ರಂಥಾಲಯಗಳಲ್ಲಿ ಪುಸ್ತಕಗಳಿವೆ, ಮಕ್ಕಳೂ ಬರುತ್ತಾರೆ. ಆದರೆ ಒಬ್ಬರೇ ಮೇಲ್ವಿಚಾರಕರು ಕೇಂದ್ರವನ್ನೂ ನೋಡಿಕೊಂಡು ಮಕ್ಕಳಿಗೆ ಪಕ್ಕದಲ್ಲಿ ಕುಳಿತು ಓದಿಹೇಳುವುದು ಕಷ್ಟವಾದ್ದರಿಂದ, ಆ ಜಾಗದಲ್ಲಿ ಸ್ವಯಂಸೇವಕರ ಅಗತ್ಯ ಎದ್ದು ಕಾಣುತ್ತದೆ.

ಹತ್ತು ಹನ್ನೆರಡು ಮಕ್ಕಳು ಜಮಖಾನದ ಮೇಲೆ ಅರ್ಧಚಂದ್ರಾಕಾರದಲ್ಲಿ ಕುಳಿತಿರುವಾಗ ಓದುವವರು ಪುಸ್ತಕವನ್ನು ತಮ್ಮ ಕಡೆಗಲ್ಲದೆ ಮಕ್ಕಳ ಕಡೆಗೆ ತೆರೆದು ಹಿಡಿಯಬೇಕಾಗುವುದರಿಂದ, ಪುಟವನ್ನು ಓರೆಯಿಂದಲೇ ಓದಬೇಕಾಗುತ್ತದೆ. ಇದು ಕೇಳಿದಷ್ಟು ಸುಲಭವಲ್ಲವಾದ್ದರಿಂದ, ಆರಿಸಿದ ಕಥೆಯನ್ನು ಮನೆಯಲ್ಲಿ ಎರಡು ಬಾರಿಯಾದರೂ ಹೀಗೆ ಓರೆಯಾಗಿ ಹಿಡಿದು ಗಟ್ಟಿಯಾಗಿ ಓದಿಕೊಂಡು ಹೋಗಬೇಕು. ಇಪ್ಪತ್ತು ನಿಮಿಷ ಮೀರದ ಕಥೆಯೇ ಲೇಸು. ಕಥೆಯ ನಡುವೆ ಒಂದೆರಡು ಕಡೆ ನಿಲ್ಲಿಸಿ ‘ಮುಂದೇನಾಗಬಹುದು?’ ಎಂದು ಕೇಳಿದರೆ ಮಕ್ಕಳು ಬಾಯಿ ಬಿಡುತ್ತಾರೆ. ಮುಗಿದ ಮೇಲೆ ‘ಈ ಕಥೆಯ ನೀತಿ ಏನು?’ ಎಂದರೆ ಮತ್ತೆ ಶಾಲೆಯ ಮೌನ ಆವರಿಸುತ್ತದೆ. ಮನೆಯಲ್ಲಿ ತುಳು, ಉರ್ದು, ತೆಲುಗು, ಲಂಬಾಣಿ ಮಾತನಾಡುವ ಮಕ್ಕಳಿದ್ದರೆ, ಕಥೆಯಲ್ಲಿ ಬರುವ ಪ್ರಾಣಿಗೋ ತಿಂಡಿಗೋ ಅವರ ಮನೆಮಾತಿನ ಹೆಸರನ್ನು ಅವರಿಂದಲೇ ಹೇಳಿಸುವುದು ಅವರನ್ನು ಗುಂಪಿನೊಳಗೆ ತರುತ್ತದೆ.

ಮೊದಲ ಬಾರಿ ಮಗಳು ಓದಿದರೆ, ತಂದೆ ಹಿಂದಿನ ಸಾಲಿನಲ್ಲಿ ಕುಳಿತು, ಅಕ್ಷರ ಕೂಡಿಸಿ ಓದಲು ಇನ್ನೂ ಬಾರದ ಒಂದಿಬ್ಬರಿಗೆ ಬೆರಳಿಟ್ಟು ತೋರಿಸಬಹುದು. ಮುಂದಿನ ಬಾರಿ ಪಾತ್ರ ಬದಲಾಗಬೇಕು. ಮಗಳು ಒಂದು ಪದದಲ್ಲಿ ಎಡವಿದಾಗ ತಂದೆ ಹಿಂದಿನಿಂದ ತಿದ್ದಕೂಡದು. ಹಾಗೆ ತಿದ್ದಿದ ಕ್ಷಣದಲ್ಲಿ ಅವಳು ಓದುವವಳ ಸ್ಥಾನದಿಂದ ಇಳಿದು, ಹತ್ತು ಮಕ್ಕಳ ಎದುರಿಗೆ ಮತ್ತೆ ಮನೆಯ ಮಗುವಾಗಿಬಿಡುತ್ತಾಳೆ. ತಿದ್ದುವಂಥದ್ದು ಇದ್ದರೆ ಮನೆಗೆ ಬರುವ ದಾರಿಯಲ್ಲಿ, ಅದೂ ಅವಳು ಕೇಳಿದರೆ ಮಾತ್ರ ಹೇಳುವುದು ಉಚಿತ. ಇದೇ ನಿಯಮ ತಂದೆಯನ್ನು ಮಗಳು ತಿದ್ದುವ ಸಂದರ್ಭಕ್ಕೂ ಅನ್ವಯವಾಗುತ್ತದೆ.

ಹಂತ 5: ಪರೀಕ್ಷೆ ಬರೆದುಕೊಡುವುದು

ಕಣ್ಣು ಕಾಣದ ಅಥವಾ ಕೈಯಿಂದ ಬರೆಯಲಾಗದ ಅಭ್ಯರ್ಥಿ ಹೇಳಿದ ಉತ್ತರವನ್ನು ಉತ್ತರಪತ್ರಿಕೆಯಲ್ಲಿ ಬರೆಯುವವರನ್ನು ಲಿಪಿಕಾರರು ಎನ್ನುತ್ತಾರೆ. ಬಳಕೆಯಲ್ಲಿ ‘ಸ್ಕ್ರೈಬ್’ ಎಂಬ ಮಾತೇ ಹೆಚ್ಚು. ಅಭ್ಯರ್ಥಿಯೇ ಲಿಪಿಕಾರರನ್ನು ಕರೆತರಲು ಅವಕಾಶವಿರುವಲ್ಲಿ, ಸಾಮಾನ್ಯವಾಗಿ ಅವರ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಕೆಳಗಿರಬೇಕು. ಆದ್ದರಿಂದ ಈ ಕೆಲಸದಲ್ಲಿ ಪದವೀಧರರಾದ ಪೋಷಕರಿಗಿಂತ ಪ್ರೌಢಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೇ ಬೇಡಿಕೆ ಹೆಚ್ಚು. ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯ ಸಿಗುವುದರಿಂದ, ಮೂರು ಗಂಟೆಯ ಪತ್ರಿಕೆ ನಾಲ್ಕು ಗಂಟೆಯಷ್ಟಾಗುತ್ತದೆ. ಅಷ್ಟು ಹೊತ್ತು ಬೇರೊಬ್ಬರ ಮಾತನ್ನು ಬರೆಯುವ ತಾಳ್ಮೆ ಮತ್ತು ಕೈಬಲ ಇವೆಯೇ ಎಂಬುದನ್ನು ಮುಂಚಿತವಾಗಿ ಪರೀಕ್ಷಿಸಿಕೊಳ್ಳಬೇಕು.

ಅಭ್ಯಾಸಕ್ಕೆ ಹಳೆಯ ಪ್ರಶ್ನೆಪತ್ರಿಕೆಯೊಂದು ಸಾಕು. ತಾಯಿ ಕಣ್ಣು ಮುಚ್ಚಿಕೊಂಡು ಉತ್ತರ ಹೇಳಲಿ, ಮಗ ಬರೆಯಲಿ. ಅರ್ಧ ಗಂಟೆಯ ಬಳಿಕ ಇಬ್ಬರೂ ಸ್ಥಾನ ಬದಲಿಸಲಿ. ಅಂಕಗಳ ಸಮೇತ ಪ್ರಶ್ನೆಯನ್ನು ಓದಬೇಕು, ಕೇಳಿದರೆ ಮತ್ತೆ ಓದಬೇಕು, ಒಂದು ಉತ್ತರ ಮುಗಿದೊಡನೆ ಬರೆದದ್ದನ್ನು ಓದಿ ಹೇಳಬೇಕು ಎಂಬುದು ಕಣ್ಣು ಮುಚ್ಚಿ ಕುಳಿತಾಗಲೇ ಮನದಟ್ಟಾಗುತ್ತದೆ. ಅಭ್ಯರ್ಥಿ ತಪ್ಪು ಉತ್ತರ ಹೇಳಿದರೂ ಅದನ್ನೇ ಬರೆಯಬೇಕು. ಸರಿಯುತ್ತರದ ಸುಳಿವು ಕೊಡುವುದು ನೆರವಲ್ಲ, ಪರೀಕ್ಷಾ ಅಕ್ರಮ. ಪೋಷಕರ ಪಾಲಿಗೆ ಉಳಿಯುವ ಕೆಲಸವೂ ಸಣ್ಣದಲ್ಲ: ಶಾಲೆಯ ಪತ್ರ ಹಾಗೂ ಗುರುತಿನ ಚೀಟಿಯನ್ನು ಹೊಂದಿಸುವುದು, ಪರೀಕ್ಷಾ ಕೇಂದ್ರಕ್ಕೆ ಹೊತ್ತಿಗೆ ಮುಂಚೆ ತಲುಪಿಸುವುದು, ಪರೀಕ್ಷೆಗೆ ಮೊದಲಿನ ತಿಂಗಳುಗಳಲ್ಲಿ ಪಠ್ಯವನ್ನು ಓದಿ ಧ್ವನಿಮುದ್ರಿಸಿ ಕೊಡುವುದು. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯು, ಅಂಗವಿಕಲರ ಬಳಕೆಗಾಗಿ ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಅವರಿಗೆ ಅನುಕೂಲವಾದ ರೂಪಕ್ಕೆ ತರಲು ಅವಕಾಶ ನೀಡಿದೆ.

ಹಂತ 6: ಚಿತ್ರ, ಪ್ರಮಾಣಪತ್ರ ಮತ್ತು ಹೊಗಳಿಕೆ

ಸಹಾಯ ಪಡೆಯುವವರ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವ ಅಭ್ಯಾಸವನ್ನು ಆರಂಭದಲ್ಲಿಯೇ ಬಿಡಬೇಕು. ಬಾಲಮಂದಿರದಂತಹ ಸಂಸ್ಥೆಗಳಲ್ಲಿ ಆಶ್ರಯ ಪಡೆದಿರುವ ಮಕ್ಕಳ ಗುರುತು ಬಯಲಾಗುವಂಥ ಹೆಸರು, ಚಿತ್ರಗಳನ್ನು ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸಿದೆ. ದಾಖಲೆ ಬೇಕೆನಿಸಿದರೆ ತಾವು ಹಂಚಿದ ಪುಸ್ತಕಗಳ ಅಥವಾ ಶುಚಿಯಾದ ದಡದ ಚಿತ್ರ ಸಾಕು. ಕಾಲೇಜು ಪ್ರವೇಶಕ್ಕೆ ಅನುಕೂಲವಾಗುವ ಪ್ರಮಾಣಪತ್ರವನ್ನು ಕೇಳುವುದು ತಪ್ಪಲ್ಲವಾದರೂ, ಅದನ್ನು ಮೊದಲ ದಿನವೇ ಕೇಳದೆ ಒಪ್ಪಿಕೊಂಡ ಅವಧಿ ಮುಗಿದ ಮೇಲೆ ಮಕ್ಕಳೇ ಕೇಳಿಕೊಳ್ಳಬೇಕು. ನೆಂಟರಿಷ್ಟರ ಮುಂದೆ ‘ನಮ್ಮ ಹುಡುಗ ಸಮಾಜಸೇವೆ ಮಾಡ್ತಾನೆ’ ಎಂದು ಪೋಷಕರು ಹೇಳಿಕೊಳ್ಳತೊಡಗಿದರೆ, ಹರೆಯದವರು ಮುಜುಗರಪಟ್ಟು ಹಿಂದೆ ಸರಿಯುವ ಸಾಧ್ಯತೆಯೇ ಹೆಚ್ಚು.

ಹಂತ 7: ಲೆಕ್ಕ ನೋಡುವುದು, ಒಪ್ಪಿಸಿ ಹೊರಡುವುದು

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕಳೆದ ಸಮಯ, ಮಾಡಿದ ಕೆಲಸ, ಮುಂದಿನ ಬಾರಿ ಬದಲಿಸಬೇಕಾದದ್ದು ಎಂಬ ನಾಲ್ಕು ಅಂಕಣಗಳನ್ನು ಮಾಡಿ, ಒಮ್ಮೆ ಒಬ್ಬರು ಮತ್ತೊಮ್ಮೆ ಇನ್ನೊಬ್ಬರು ಬರೆಯಬೇಕು. ಮೂರು ತಿಂಗಳ ಕೊನೆಯಲ್ಲಿ ಇದನ್ನು ಮುಂದಿಟ್ಟುಕೊಂಡು, ಮುಂದುವರಿಸುವುದೋ, ಬೇರೆ ಕೆಲಸ ಹಿಡಿಯುವುದೋ, ನಿಲ್ಲಿಸುವುದೋ ಎಂಬುದನ್ನು ಇಬ್ಬರೂ ತೀರ್ಮಾನಿಸಬೇಕು. ಒಬ್ಬರಿಗೆ ಬೇಡವೆನಿಸಿದರೆ ಇನ್ನೊಬ್ಬರು ಒತ್ತಾಯಿಸುವಂತಿಲ್ಲ.

ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಪರೀಕ್ಷೆ ಹತ್ತಿರವಾದಾಗ ಮಕ್ಕಳು ಬಿಡುವು ಪಡೆಯುವುದು ಸಹಜ. ಆಗಲೂ ಹೇಳದೆ ಕೇಳದೆ ಮಾಯವಾಗದೆ, ಕಡೆಯ ಬಾರಿ ಬರುವ ದಿನವನ್ನು ಎರಡು ವಾರ ಮೊದಲೇ ತಿಳಿಸಿ, ಓದುತ್ತಿದ್ದ ಪುಸ್ತಕ ಯಾವ ಪುಟದಲ್ಲಿ ನಿಂತಿದೆ, ಯಾವ ಮಗು ಒತ್ತಕ್ಷರದಲ್ಲಿ ತಡವರಿಸುತ್ತದೆ ಎಂಬುದನ್ನು ಬರೆದ ನೋಟ್‌ಬುಕ್ಕನ್ನು ಮುಂದೆ ಬರುವವರಿಗೆ ಒಪ್ಪಿಸಬೇಕು. ಆ ಮುಂದಿನವರು ಕೆಲವೊಮ್ಮೆ ತಾಯಿ ಅಥವಾ ತಂದೆಯೇ ಆಗಿರುತ್ತಾರೆ. ಅಂಥಲ್ಲಿ ಕೆಲಸವನ್ನು ವಹಿಸಿಕೊಡುವವರು ಮಕ್ಕಳು, ಅವರು ಬರೆದಿಟ್ಟಂತೆ ಕೇಳಿ ನಡೆಯುವವರು ಹಿರಿಯರು.