'ಮೈಸೂರು' ಎಂಬ ಯುದ್ಧನೌಕೆ

ಯಲಹಂಕದಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ವಿಮಾನವೆಂಬುದು ಹೊಸತಲ್ಲ. ವಾಯುನೆಲೆಯಿಂದ ಮೇಲೇಳುವ ವಿಮಾನಗಳ ಸದ್ದಿಗೆ ನಮ್ಮೂರ ಮಕ್ಕಳು ತೊಟ್ಟಿಲಿನಿಂದಲೇ ಒಗ್ಗಿದವರು. ಆದರೆ ಹಡಗಿನ ಮಾತು ಬೇರೆ. ಕಡಲನ್ನೇ ನಾನು ಈವರೆಗೆ ಕಂಡವನಲ್ಲ. ಹೀಗಿರಲು, ಒಂದು ದಿನ ನಮ್ಮ ಇತಿಹಾಸದ ಅಧ್ಯಾಪಕರು "ಮೈಸೂರು ಎಂಬ ಯುದ್ಧನೌಕೆಯ ವಿಷಯ ನಿಮ್ಮಲ್ಲಿ ಯಾರಾದರೂ ಬಲ್ಲಿರೋ?" ಎಂದು ಕೇಳಿದರು. "ಮೈಸೂರಿಗೆ ಕಡಲೆಲ್ಲಿದೆ, ಸಾರ್?" ಎಂದು ನಾನು ಮರುಪ್ರಶ್ನೆ ಹಾಕಿದೆ. ತರಗತಿ ನಕ್ಕಿತು. ಅಧ್ಯಾಪಕರು ಮಾತ್ರ ನಗಲಿಲ್ಲ. "ಪ್ರಶ್ನೆ ಒಳ್ಳೆಯದೇ. ಉತ್ತರವನ್ನು ನೀನೇ ಹುಡುಕಿ ಬರೆ" ಎಂದರು. ಅವರ ಅಪ್ಪಣೆಯ ಫಲವೇ ಈ ಲೇಖನ.

ಮೊದಲು ಆ ಹಡಗಿನ ಜಾತಿಯನ್ನು ತಿಳಿಯೋಣ. ಅದು 'ಲಘು ಕ್ರೂಸರ್' ವರ್ಗಕ್ಕೆ ಸೇರಿದ್ದು. 1930ರ ಲಂಡನ್ ನೌಕಾ ಒಪ್ಪಂದದಂತೆ, 6.1 ಅಂಗುಲಕ್ಕಿಂತ ದೊಡ್ಡ ಬಾಯಿಯ ಫಿರಂಗಿಗಳಿದ್ದರೆ ಅದು ಭಾರಿ ಕ್ರೂಸರ್. ಆ ಮಿತಿಯೊಳಗಿದ್ದರೆ ಲಘು ಕ್ರೂಸರ್. 'ಲಘು' ಎಂದ ಮಾತ್ರಕ್ಕೆ ಅದು ಚಿಕ್ಕ ಹಡಗೆಂದು ವಾಚಕರು ಭಾವಿಸಬಾರದು. ನಮ್ಮ ಹಡಗಿನ ಉದ್ದ ಸುಮಾರು 555 ಅಡಿ. ಅದರ ವೇಗ 31 ನಾಟ್‌ಗೂ ಹೆಚ್ಚು, ಎಂದರೆ ಗಂಟೆಗೆ ಸುಮಾರು 57 ಕಿಲೋಮೀಟರು.

ಇದರ ಮೊದಲ ಹೆಸರು 'ನೈಜೀರಿಯಾ'. ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್ ಕಾರ್ಖಾನೆಯಲ್ಲಿ 1938ರಲ್ಲಿ ಇದರ ನಿರ್ಮಾಣ ಆರಂಭವಾಯಿತು. 1939ರ ಜುಲೈನಲ್ಲಿ ನೀರಿಗಿಳಿದು, 1940ರಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಸೇರಿತು. ಆಗ ಎರಡನೆಯ ಮಹಾಯುದ್ಧದ ಕಾಲ. 1941ರ ಸೆಪ್ಟೆಂಬರಿನಲ್ಲಿ ಉತ್ತರದ ಶೀತಸಮುದ್ರದಲ್ಲಿ ಜರ್ಮನಿಯ 'ಬ್ರೆಮ್ಸೆ' ಎಂಬ ನೌಕೆಯನ್ನು ಮುಳುಗಿಸಿತು. ಮರುವರ್ಷ ಇದೇ ಸಾವಿನ ಬಾಯಿಗೆ ಬಂತು. ಮುತ್ತಿಗೆಗೆ ಸಿಲುಕಿದ್ದ ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುತ್ತಿದ್ದ ಹಡಗುಗಳಿಗೆ ಕಾವಲಾಗಿ ಹೋಗುತ್ತಿದ್ದಾಗ, 1942ರ ಆಗಸ್ಟ್ 12ರಂದು ಇಟಲಿಯ 'ಆಕ್ಸಮ್' ಜಲಾಂತರ್ಗಾಮಿಯ ಟಾರ್ಪೆಡೊ ಇದಕ್ಕೆ ಬಡಿಯಿತು. 52 ಮಂದಿ ಮಡಿದರು. ಆದರೂ ಹಡಗು ಮುಳುಗಲಿಲ್ಲ. ಜಿಬ್ರಾಲ್ಟರಿಗೆ ಮರಳಿ, ಅಲ್ಲಿಂದ ಅಮೆರಿಕೆಗೆ ಹೋಗಿ ದುರಸ್ತಿಯಾಗಿ ಮತ್ತೆ ಕಡಲಿಗಿಳಿಯಿತು.

ಸ್ವತಂತ್ರ ಭಾರತವು 1948ರಲ್ಲಿ 'ದೆಹಲಿ' ಕ್ರೂಸರನ್ನು ಬ್ರಿಟನ್ನಿನಿಂದ ಪಡೆದಿತ್ತು. 1954ರಲ್ಲಿ ಎರಡನೆಯದಾಗಿ 'ನೈಜೀರಿಯಾ'ವನ್ನು ಕೊಂಡಿತು. ಬರ್ಕನ್‌ಹೆಡ್ಡಿನ ಕ್ಯಾಮಲ್ ಲೇರ್ಡ್ ಕಾರ್ಖಾನೆಯಲ್ಲಿ ದೀರ್ಘ ದುರಸ್ತಿ ನಡೆದು, 1957ರ ಆಗಸ್ಟ್ 29ರಂದು ಅದು 'ಮೈಸೂರು' ಎಂಬ ಹೆಸರಿನಿಂದ ನಮ್ಮ ನೌಕಾಪಡೆಯನ್ನು ಸೇರಿತು. ಮೊದಲಿದ್ದ 12 ದೊಡ್ಡ ಫಿರಂಗಿಗಳಲ್ಲಿ ಆಗ ಉಳಿದಿದ್ದುವು 9. ಅದರ ಲಾಂಛನ ನಮ್ಮ ಗಂಡಭೇರುಂಡ.

ಯಶವಂತಪುರದಲ್ಲಿ ಲಾರಿ ರಿಪೇರಿ ಮಾಡುವ ನಮ್ಮ ತಂದೆಗೆ ಇಷ್ಟನ್ನು ಓದಿ ಹೇಳಿದೆ. ಅವರು "ಹದಿನಾಲ್ಕು ವರ್ಷದ ಹಳೆಯ ಗಾಡಿ. ಯುದ್ಧದಲ್ಲಿ ಪೆಟ್ಟು ಬೇರೆ ತಿಂದಿದೆ. ಅದನ್ನೇಕೆ ಕೊಂಡರು?" ಎಂದು ಕೇಳಿದರು. ಒಂದು ಗಳಿಗೆ ಬಿಟ್ಟು ತಾವೇ, "ಹೊಸದಕ್ಕೆ ದುಡ್ಡಿಲ್ಲದವನು ಹಳೆಯದರಲ್ಲೇ ಕೆಲಸ ಕಲಿಯಬೇಕು" ಎಂದರು. ಆಗ ನನಗೆ ಆ ಮಾತಿನ ತೂಕ ತಿಳಿಯಲಿಲ್ಲ.

ಇನ್ನು ನನ್ನ ಪ್ರಶ್ನೆಗೆ ಬರೋಣ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮಂಗಳೂರು ರೇವು ಮೈಸೂರಿನದಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕರಾವಳಿ ಇಂಗ್ಲಿಷರ ಪಾಲಾಯಿತು. ಹಡಗನ್ನು ಕೊಂಡ 1954ರಲ್ಲಿಯೂ ಮೈಸೂರು ರಾಜ್ಯಕ್ಕೆ ಕಡಲಿರಲಿಲ್ಲ. ಮಂಗಳೂರು ಮದರಾಸಿಗೂ ಕಾರವಾರ ಮುಂಬಯಿಗೂ ಸೇರಿದ್ದುವು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ಆ ಎರಡೂ ರೇವುಗಳು ನಮ್ಮವಾದುವು. ಅಂದರೆ ಹಡಗಿನ ದುರಸ್ತಿ ಮುಗಿಯುವಷ್ಟರಲ್ಲಿ ಮೈಸೂರಿಗೆ ಕಡಲು ದೊರೆತಿತ್ತು! ತರಗತಿಯಲ್ಲಿ ನಾನು ಕೇಳಿದ್ದು ಅರ್ಧ ಸರಿ, ಅರ್ಧ ತಪ್ಪು.

ಆ ಕಡಲಿನ ರಕ್ಷಣೆಗೂ ಈ ಹಡಗು ಬಂತು. ಕಾರವಾರದ ಸಮೀಪದ ಅಂಜದೀವ ದ್ವೀಪ ಪೋರ್ಚುಗೀಸರ ವಶದಲ್ಲಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ 'ಸಾಬರಮತಿ' ಎಂಬ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿತು. ಗೋವಾ ವಿಮೋಚನೆಯ ಸಂದರ್ಭದಲ್ಲಿ, ಡಿಸೆಂಬರ್ 18ರಂದು, 'ಮೈಸೂರು' ಮತ್ತು 'ತ್ರಿಶೂಲ' ನೌಕೆಗಳಿಗೆ ಆ ದ್ವೀಪವನ್ನು ಹಿಡಿಯುವ ಹೊಣೆ ಬಿತ್ತು. ದಡಕ್ಕಿಳಿದವರಲ್ಲಿ ಏಳು ಮಂದಿ ನಾವಿಕರು ಪ್ರಾಣ ತೆತ್ತರು. ನೌಕೆಗಳ ಫಿರಂಗಿಗಳು ಗರ್ಜಿಸಿದ ಮೇಲೆ, ಮರುದಿನ ದ್ವೀಪ ಕೈವಶವಾಯಿತು. ಇಂದು ಅದರ ಪಕ್ಕದಲ್ಲಿಯೇ ಕಾರವಾರದ 'ಕದಂಬ' ನೌಕಾನೆಲೆಯಿದೆ. ಗೋವಾ ವಿಮೋಚನೆಯನ್ನು ಪರೀಕ್ಷೆಗೆಂದು ಎರಡು ಸಲ ಓದಿದ್ದರೂ ಆ ಏಳು ಮಂದಿಯ ವಿಷಯ ನನಗೆ ತಿಳಿದಿರಲಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆ.

ಹಡಗಿನ ಚರಿತ್ರೆಯೆಲ್ಲ ಜಯದ ಕಥೆಯೇ ಅಲ್ಲ. 1959ರಲ್ಲಿ ಸಿಂಹಳದ ಬಳಿ ಸಮರಾಭ್ಯಾಸ ನಡೆದಾಗ ಬ್ರಿಟನ್ನಿನ 'ಹೋಗ್' ನೌಕೆಗೂ ಇದಕ್ಕೂ ಡಿಕ್ಕಿಯಾಗಿ, 'ಹೋಗ್'ನ ಮೂತಿ ಜಜ್ಜಿಹೋಯಿತು. ಕಲಿಯುವವರ ದಾರಿಯಲ್ಲಿ ಎಡವುವುದೂ ಉಂಟು. 1971ರ ಯುದ್ಧದಲ್ಲಿ ಈ ಮುದಿ ಹಡಗು ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು. ರಿಯರ್ ಅಡ್ಮಿರಲ್ ಕುರುವಿಲ್ಲಾ ಅದರ ಮೇಲಿಂದಲೇ ದಳವನ್ನು ನಡೆಸಿದರು. 1973ರಲ್ಲಿ ನಮ್ಮ ರಾಜ್ಯ 'ಕರ್ನಾಟಕ'ವಾಯಿತು. ಹಡಗು ಮಾತ್ರ 'ಮೈಸೂರು' ಆಗಿಯೇ ಉಳಿಯಿತು. ಕಡೆಯ ವರ್ಷಗಳಲ್ಲಿ ಅದು ಎಳೆಯ ಕೆಡೆಟ್ಟುಗಳಿಗೆ ಪಾಠಶಾಲೆಯಾಯಿತು. 1985ರ ಆಗಸ್ಟಿನಲ್ಲಿ ಸೇವೆಯಿಂದ ನಿವೃತ್ತವಾಯಿತು.

ಮುಂದೆ 1999ರಲ್ಲಿ ಇನ್ನೊಂದು 'ಮೈಸೂರು' ನೌಕಾಪಡೆಯನ್ನು ಸೇರಿತು. ಅದು ಕೊಂಡು ತಂದ ಹಡಗಲ್ಲ. ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ನಮ್ಮವರೇ ಕಟ್ಟಿದ ಡಿಸ್ಟ್ರಾಯರ್. ಇದನ್ನು ಓದಿದಾಗ ತಂದೆಯ ಮಾತಿನ ತೂಕ ನನಗೆ ತಿಳಿಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಪುಸ್ತಕಗಳೆಲ್ಲ ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಪ್ರತಿಗಳು. ಅದನ್ನು ಗೆಳೆಯರ ಮುಂದೆ ಮರೆಸುತ್ತಿದ್ದೆ, ಇನ್ನು ಮರೆಸುವುದಿಲ್ಲ. ಹಳೆಯದನ್ನು ಕೊಂಡವನಿಗೆ ಅವಮಾನವಿಲ್ಲ. ಕೊಂಡು ಕಲಿಯದೆ ಉಳಿದರೆ ಮಾತ್ರ ಅವಮಾನ. ಪರೀಕ್ಷೆ ಮುಗಿದ ಮೇಲೆ ತಂದೆಯೊಡನೆ ಕಾರವಾರಕ್ಕೆ ಹೋಗಿ ಕಡಲನ್ನು ನೋಡಿ ಬರಬೇಕೆಂದಿದ್ದೇನೆ.