ಮಹಿಳಾ ಸಂಘದಲ್ಲಿ ಮುಯ್ಯಿ: ತಾಯ್ತನವೂ ನಡೆಯಲಿ, ನಾಯಕತ್ವವೂ ಉಳಿಯಲಿ



ಗಬ್ಬದ ಹಸುವನ್ನು ಕರು ಹಾಕುವ ಎರಡು ತಿಂಗಳ ಮೊದಲೇ ಬತ್ತಿಸಬೇಕೆಂದು ಒಕ್ಕೂಟದ ವಿಸ್ತರಣಾ ಸಿಬ್ಬಂದಿ ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ನಿಮ್ಮಲ್ಲಿ ಬಹಳಷ್ಟು ಜನ ಅದನ್ನು ಪಾಲಿಸುತ್ತಲೂ ಇದ್ದೀರಿ. ಸುಮಾರು 60 ದಿನ ಕೆಚ್ಚಲಿಗೆ ಬಿಡುವು ಸಿಕ್ಕರೆ ಮುಂದಿನ ಸೂಲಿನಲ್ಲಿ ಹಾಲು ಚೆನ್ನಾಗಿ ಬರುತ್ತದೆ, ಹೊಟ್ಟೆಯೊಳಗಿನ ಕರುವೂ ಬಲವಾಗಿ ಬೆಳೆಯುತ್ತದೆ. ಆದರೆ ಆ ಹಸುವಿಗೆ ಮೇವು ಹಾಕಿ, ಕೊಟ್ಟಿಗೆ ಗುಡಿಸಿ, ಎರಡು ಹೊತ್ತು ಹಾಲು ಕರೆದು ಸಂಘಕ್ಕೆ ತರುವ ಹೆಣ್ಣುಮಗಳು ಬಸುರಿಯಾದಾಗ ಆಕೆಗೆ ಎಷ್ಟು ದಿನದ ಬಿಡುವು ಸಿಗುತ್ತದೆ? ಆಕೆಯೇ ಸಂಘದ ಅಧ್ಯಕ್ಷೆಯೋ ಕಾರ್ಯದರ್ಶಿಯೋ ಆಗಿದ್ದರೆ ಆ ದಿನಗಳಲ್ಲಿ ಸಂಘದ ಕೆಲಸವನ್ನು ಯಾರು ನೋಡಿಕೊಳ್ಳಬೇಕು? ಈ ಸಂಚಿಕೆಯ ಪಾಠ ಇದನ್ನು ಕುರಿತದ್ದು. ಓದು ಬಾರದ ಸದಸ್ಯೆಯರಿಗೆ ದಯವಿಟ್ಟು ಯಾರಾದರೂ ಓದಿ ಹೇಳಿ.

ತೊಂದರೆ ಎಲ್ಲಿದೆ?

ಕೇಂದ್ರ ಸರ್ಕಾರ 1986-87ರಲ್ಲಿ ಆರಂಭಿಸಿದ ‘ಸ್ಟೆಪ್’ ಯೋಜನೆಯ ನೆರವಿನಿಂದ ನಮ್ಮ ರಾಜ್ಯದಲ್ಲಿಯೂ ಅನೇಕ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿದವು. ಇಂಥ ಸಂಘಗಳಲ್ಲಿ ಹಾಲು ಹಾಕುವವರು, ಹಾಲು ಪರೀಕ್ಷೆ ಮಾಡುವವರು, ಲೆಕ್ಕ ಬರೆಯುವವರು, ಆಡಳಿತ ಮಂಡಳಿಯಲ್ಲಿ ಕೂರುವವರು ಎಲ್ಲರೂ ಹೆಂಗಸರೇ. ಇದು ಹೆಮ್ಮೆಯ ಮಾತು.

ಆದರೆ ನಮ್ಮ ಹಳ್ಳಿಗಳ ರೂಢಿಯನ್ನೂ ನೋಡಬೇಕು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಬಾಣಂತನ ಮುಗಿಸಿ ಮಗುವಿನೊಂದಿಗೆ ಗಂಡನ ಮನೆಗೆ ಮರಳುವಾಗ ಮೂರರಿಂದ ಐದು ತಿಂಗಳು ಕಳೆದಿರುತ್ತವೆ. ಆಕೆ ಸಂಘದ ಕಾರ್ಯದರ್ಶಿಯಾಗಿದ್ದರೆ ಬೀಗದ ಕೈ, ನಗದು ಪುಸ್ತಕ, ಬಟವಾಡೆ ರಿಜಿಸ್ಟರ್ ಇವೆಲ್ಲ ಅಷ್ಟರಲ್ಲಿ ಮೈದುನನ ಕೈಗೋ ಊರಿನ ಮತ್ತೊಬ್ಬ ಗಂಡಸಿನ ಕೈಗೋ ಹೋಗಿರುತ್ತವೆ. ‘ಇನ್ನು ಮಗು ನೋಡಿಕೊಂಡಿರಮ್ಮ, ಸಂಘದ ಉಸಾಬರಿ ಯಾಕೆ’ ಎಂದು ಮನೆಯವರು ಅನ್ನುತ್ತಾರೆ. ಯಾರೂ ಆಕೆಯನ್ನು ತೆಗೆದುಹಾಕಿರುವುದಿಲ್ಲ, ಆದರೂ ಕುರ್ಚಿ ಆಕೆಯದಾಗಿ ಉಳಿದಿರುವುದಿಲ್ಲ. ತರಬೇತಿಗೆ ಮಾಡಿದ ಖರ್ಚು, ಆಕೆ ಗಳಿಸಿದ ಅನುಭವ ಎರಡೂ ಸಂಘದ ಕೈತಪ್ಪುತ್ತವೆ. ಮುಂದೆ ಯಾವ ಎಳೆಯ ಸೊಸೆಯೂ ಆ ಜವಾಬ್ದಾರಿಗೆ ಮುಂದೆ ಬರಲು ಹಿಂಜರಿಯುತ್ತಾಳೆ.

ಹಾಲಿನ ವ್ಯವಹಾರಕ್ಕೂ ಪೆಟ್ಟು ಬೀಳುತ್ತದೆ. ಒಂದು ಮನೆಯಿಂದ ದಿನಕ್ಕೆ 10 ಲೀಟರ್ ಹಾಲು ಬರುತ್ತಿದೆ, ಲೀಟರಿಗೆ 35 ರೂ. ಸಿಗುತ್ತಿದೆ ಎಂದಿಟ್ಟುಕೊಳ್ಳಿ. ಹಾಲು ಕರೆಯುವವರಿಲ್ಲದೆ 45 ದಿನ ನಿಂತರೆ ಆ ಮನೆಗೆ 15,750 ರೂ. ಖೋತಾ. ಮೇವು, ಹಿಂಡಿಯ ಖರ್ಚು ಮಾತ್ರ ನಿಲ್ಲುವುದಿಲ್ಲ. ಹೊತ್ತಿಗೆ ಸರಿಯಾಗಿ ಪೂರ್ತಿ ಕರೆಯದಿದ್ದರೆ ಕೆಚ್ಚಲು ಬಾವು ಬರುವ ಭಯವೂ ಇದೆ.

ಮುಯ್ಯಿಯಲ್ಲಿ ಇದಕ್ಕೆ ಉತ್ತರವಿದೆ

ನಮ್ಮ ಹಿರಿಯರು ಮುಯ್ಯಾಳಿನಿಂದ ಒಕ್ಕಲುತನ ನಡೆಸಿದರು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಇಲ್ಲ, ಆದರೆ ಲೆಕ್ಕ ಇದೆ. ಮದುವೆಯಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಅವರ ಮನೆಯ ಮದುವೆಯಲ್ಲಿ ಮರೆಯದೆ ತಿರುಗಿ ಓದಿಸುವ ಜನ ನಾವು. ಅದೇ ಪದ್ಧತಿಯನ್ನು ಹಾಲಿಗೂ ಸಂಘದ ಕೆಲಸಕ್ಕೂ ತಂದರೆ ಹೆರಿಗೆಯ ಕಾಲದಲ್ಲಿ ಯಾರೂ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ.

ಒಂದೇ ಬೀದಿಯ ಐವರು ಸದಸ್ಯೆಯರು ಒಂದು ಗುಂಪಾಗಲಿ. ಅವರಲ್ಲಿ ಒಬ್ಬರಿಗೆ ಹೆರಿಗೆಯಾಯಿತು. ದಿನಕ್ಕೆ ಎರಡು ಹೊತ್ತಿನಂತೆ 45 ದಿನಕ್ಕೆ 90 ಸಲ ಹಾಲು ಕರೆಯಬೇಕು. ಉಳಿದ ನಾಲ್ವರಿಗೆ ಹಂಚಿದರೆ ಒಬ್ಬೊಬ್ಬರಿಗೆ 22 ಅಥವಾ 23 ಸಲ ಬರುತ್ತದೆ. ಅಂದರೆ ದಿನ ಬಿಟ್ಟು ದಿನ, ಒಂದು ಹೊತ್ತು ಮಾತ್ರ. ಒಬ್ಬರೇ ಹೊತ್ತರೆ ನಡು ಮುರಿಯುವ ಭಾರ ನಾಲ್ವರಿಗೆ ಹಂಚಿದಾಗ ಹಗುರವಾಗುತ್ತದೆ.

‘ನನಗೆ ಹೆರುವ ವಯಸ್ಸು ಮುಗಿದಿದೆ, ನನ್ನ ಮುಯ್ಯಿ ತಿರುಗಿ ಬರುವುದು ಯಾವಾಗ?’ ಎಂದು ಹಿರಿಯ ಸದಸ್ಯೆಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮುಯ್ಯಿಯನ್ನು ಹೆರಿಗೆಗೆ ಮಾತ್ರ ಕಟ್ಟಿಹಾಕಬೇಡಿ. ಕಣ್ಣಿನ ಆಪರೇಷನ್ನಿಗೆ, ಮಗಳ ಬಾಣಂತನಕ್ಕೆ, ಮನೆಯ ಮದುವೆಗೆ, ಒಕ್ಕಣೆಗೆ ಹೀಗೆ ಯಾವ ಕಾರಣಕ್ಕಾದರೂ ಅವರು ತಮ್ಮ ಮುಯ್ಯಿಯನ್ನು ತಿರುಗಿ ಪಡೆಯಲಿ. ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ತಾರೀಖು, ಹೊತ್ತು, ಯಾರು ಯಾರ ಮನೆಯಲ್ಲಿ ಕರೆದರು ಎಂದು ಬರೆದಿಟ್ಟರೆ ಜಗಳಕ್ಕೆ ಆಸ್ಪದವಿಲ್ಲ.

ಬೇರೆಡೆ ನಡೆದು ತೋರಿಸಿದ್ದಾರೆ

ಹಾಲು ಸಂಘಗಳು ತಾಯಿ-ಮಗುವಿನ ವಿಚಾರಕ್ಕೆ ಗಮನ ಕೊಟ್ಟಿರುವುದು ಇದೇ ಮೊದಲಲ್ಲ. ನಮ್ಮ ಸಂಘಗಳಿಗೆಲ್ಲ ಮಾದರಿಯಾದ ಗುಜರಾತಿನ ಖೇಡಾ ಜಿಲ್ಲಾ ಒಕ್ಕೂಟ 1946ರಲ್ಲಿ ನೋಂದಣಿಯಾಯಿತು. ಅದರ ಸ್ಥಾಪಕ ಅಧ್ಯಕ್ಷರಾದ ತ್ರಿಭುವನದಾಸ್ ಪಟೇಲರು ನಿವೃತ್ತರಾದಾಗ ಹಳ್ಳಿಯ ಸದಸ್ಯರು ತಲಾ ಒಂದು ರೂಪಾಯಿ ಹಾಕಿ ಅವರಿಗೆ ನಿಧಿ ಅರ್ಪಿಸಿದರು. ಅವರು ಅದನ್ನು ಸ್ವಂತಕ್ಕೆ ಇಟ್ಟುಕೊಳ್ಳಲಿಲ್ಲ. ಆ ಹಣದಿಂದ 1975ರಲ್ಲಿ ತ್ರಿಭುವನದಾಸ್ ಪ್ರತಿಷ್ಠಾನ ಹುಟ್ಟಿತು. ಹಳ್ಳಿಯ ಹಾಲು ಸಂಘಗಳನ್ನೇ ಆಧಾರವಾಗಿಟ್ಟುಕೊಂಡು, ಊರಿನ ಆರೋಗ್ಯ ಕಾರ್ಯಕರ್ತೆಯರ ಮೂಲಕ ಗರ್ಭಿಣಿಯರ ಮತ್ತು ಮಕ್ಕಳ ಆರೈಕೆಯ ಕೆಲಸವನ್ನು ಅದು ಕೈಗೊಂಡಿತು.

ಅದೇ ರಾಜ್ಯದ ಅಹಮದಾಬಾದಿನಲ್ಲಿ ಇಳಾ ಭಟ್ ಅವರು 1972ರಲ್ಲಿ ದುಡಿಯುವ ಬಡ ಹೆಂಗಸರ ಸಂಘ ‘ಸೇವಾ’ವನ್ನು ಕಟ್ಟಿದರು. 1974ರಲ್ಲಿ ಸುಮಾರು 4,000 ಹೆಂಗಸರು ತಲಾ 10 ರೂ. ಷೇರು ಹಾಕಿ ತಮ್ಮದೇ ಸಹಕಾರಿ ಬ್ಯಾಂಕ್ ತೆರೆದರು. ತಾಯಂದಿರು ನಿಶ್ಚಿಂತೆಯಿಂದ ದುಡಿಯಬೇಕಾದರೆ ಮಕ್ಕಳನ್ನು ನೋಡಿಕೊಳ್ಳುವವರು ಬೇಕೆಂದು ಮನಗಂಡು ಮಕ್ಕಳ ಪಾಲನೆಗೂ ಸಹಕಾರ ಸಂಘ ಮಾಡಿಕೊಂಡರು. ಮಗುವಿನ ಆರೈಕೆಯೂ ವ್ಯವಹಾರದ ಒಂದು ಭಾಗವೇ ಎಂದು ಅವರು ತಿಳಿದರು. ನಾವೂ ಹಾಗೆಯೇ ತಿಳಿಯಬೇಕು.

ನಿಮ್ಮ ಸಂಘದಲ್ಲಿ ಮಾಡಬೇಕಾದದ್ದು

1. ಹಸುವಿಗೆ ಹೊಸ ಕೈಯ ಅಭ್ಯಾಸ ಮಾಡಿಸಿ. ಗುರುತಿಲ್ಲದವರು ಕುಳಿತರೆ ಹಸು ಸೊರೆ ಬಿಡದೆ ಹಾಲು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಹೆರಿಗೆಗೆ ಹದಿನೈದು ದಿನ ಮೊದಲಿನಿಂದಲೇ ಮುಯ್ಯಿಗೆ ಬರುವವರು ಮನೆಯೊಡತಿಯ ಜೊತೆಯಲ್ಲಿ ಕುಳಿತು ಕರೆಯಲಿ. ಸೊರೆ ಬಿಟ್ಟ ಮೇಲೆ ಏಳು ನಿಮಿಷದೊಳಗೆ ಪೂರ್ತಿ ಕರೆದು ಮುಗಿಸಿ. ಹಾಲು ಬಿಡಲೆಂದು ಇಂಜೆಕ್ಷನ್ ಚುಚ್ಚುವ ಕೆಟ್ಟ ಚಾಳಿಗೆ ಹೋಗಬೇಡಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಕೈಯನ್ನು ಸೋಪಿನಿಂದ ತೊಳೆಯಿರಿ, ಇಲ್ಲವಾದರೆ ಒಂದು ಕೊಟ್ಟಿಗೆಯ ಕೆಚ್ಚಲು ಬಾವು ಇನ್ನೊಂದಕ್ಕೆ ಹರಡುತ್ತದೆ.

2. ಪ್ರತಿಯೊಂದು ಕೆಲಸ ಇಬ್ಬರಿಗೆ ಗೊತ್ತಿರಲಿ. ಹಾಲಿನ ಅಳತೆ, ಜಿಡ್ಡು ಮತ್ತು ಎಸ್.ಎನ್.ಎಫ್. ಪರೀಕ್ಷೆ, ಕಂಪ್ಯೂಟರಿನಲ್ಲಿ ದಾಖಲೆ, ಬಟವಾಡೆ ಇವುಗಳಲ್ಲಿ ಯಾವುದನ್ನೂ ಒಬ್ಬರೇ ಬಲ್ಲ ಗುಟ್ಟಾಗಿಸಬೇಡಿ. ಕಾರ್ಯದರ್ಶಿಯ ಪಕ್ಕದಲ್ಲಿ ಇನ್ನೊಬ್ಬ ಸದಸ್ಯೆ ತಿಂಗಳಿಗೆ ನಾಲ್ಕು ದಿನವಾದರೂ ಕುಳಿತು ಕೆಲಸ ಕಲಿಯಲಿ. ಒಕ್ಕೂಟದ ತರಬೇತಿಗೆ ಹೆಸರು ಕಳಿಸುವಾಗ ಎರಡನೆಯವರ ಹೆಸರನ್ನೂ ಕಳಿಸಿ. ಆಗ ಬೀಗದ ಕೈ ಒಬ್ಬ ಹೆಣ್ಣುಮಗಳ ಕೈಯಿಂದ ಮತ್ತೊಬ್ಬ ಹೆಣ್ಣುಮಗಳ ಕೈಗೇ ಹೋಗುತ್ತದೆ, ಅಲ್ಲಿಂದ ತಿರುಗಿಯೂ ಬರುತ್ತದೆ.

3. ರಜೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿಗೆ ಹೇಳಿ ತವರಿಗೆ ಹೋಗಬೇಡಿ. ‘ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಹೆರಿಗೆ ರಜೆ ಬೇಕು’ ಎಂದು ಅರ್ಜಿ ಬರೆದು ಕೊಡಿ. ಆಡಳಿತ ಮಂಡಳಿ ಅದನ್ನು ಮಂಜೂರು ಮಾಡಿ, ಆ ಅವಧಿಗೆ ಯಾರು ಪ್ರಭಾರ ವಹಿಸುತ್ತಾರೆ, ಇಬ್ಬರಿಗೂ ಎಷ್ಟು ಸಂಬಳ, ಯಾವ ದಿನ ಕೆಲಸಕ್ಕೆ ಮರಳುತ್ತಾರೆ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಲಿ. ನಿರ್ದೇಶಕಿಯರೂ ಹೀಗೆಯೇ ಮಾಡಬೇಕು. ಸತತವಾಗಿ ಸಭೆಗೆ ಗೈರುಹಾಜರಾದರೆ ಏನಾಗುತ್ತದೆ, ಮತದಾನದ ಹಕ್ಕಿಗೆ ಎಷ್ಟು ಸಭೆಗೆ ಬಂದಿರಬೇಕು, ಎಷ್ಟು ಹಾಲು ಹಾಕಿರಬೇಕು ಎಂಬುದನ್ನು ನಿಮ್ಮ ಸಂಘದ ಬೈಲಾ ಓದಿ ತಿಳಿದುಕೊಳ್ಳಿ. ಮುಯ್ಯಿಯಿಂದ ಬಾಣಂತಿಯ ಹೆಸರಿನಲ್ಲಿ ದಿನವೂ ಹಾಲು ಬೀಳುತ್ತಿದ್ದರೆ ಹಾಲಿನ ಲೆಕ್ಕದಲ್ಲಿ ಆಕೆಯ ಹಕ್ಕಿಗೆ ಧಕ್ಕೆ ಬರುವುದಿಲ್ಲ. ಸಂಶಯವಿದ್ದರೆ ವಿಸ್ತರಣಾಧಿಕಾರಿಯನ್ನು ಕೇಳಿ.

4. ಸಭೆಯ ಹೊತ್ತನ್ನು ತಾಯಂದಿರಿಗೆ ಅನುಕೂಲವಾಗುವಂತೆ ಇಡಿ. ಸಂಜೆಯ ಹಾಲಿನ ಹೊತ್ತಿಗೆ, ಅಡುಗೆಯ ಹೊತ್ತಿಗೆ ಸಭೆ ಕರೆದರೆ ಎಳೆ ಮಕ್ಕಳ ತಾಯಿ ಬರಲಾರಳು. ಬೆಳಗಿನ ಹಾಲು ಕಳಿಸಿ, ಮಕ್ಕಳು ಅಂಗನವಾಡಿಗೆ, ಶಾಲೆಗೆ ಹೋದ ಮೇಲೆ ಹನ್ನೊಂದು ಗಂಟೆಗೆ ಕೂಡಿ. ಸಂಘದ ಕಟ್ಟಡದ ಒಂದು ಮೂಲೆಯಲ್ಲಿ ತೊಟ್ಟಿಲ ಸೀರೆ ಕಟ್ಟಲು ಒಂದು ಕೊಂಡಿ, ಕೂರಲು ಒಂದು ಚಾಪೆ ಇರಲಿ. ಮಗುವಿಗೆ ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡವೆಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ಮಗುವನ್ನು ಎತ್ತಿಕೊಂಡೇ ಸಭೆಗೆ ಬರುವ ಅಧ್ಯಕ್ಷೆಗೆ ಎಲ್ಲರೂ ಜಾಗ ಮಾಡಿಕೊಡಿ.

5. ಬಸುರಿಯರ ಕ್ಷೇಮ ನೋಡಿ. 40 ಲೀಟರಿನ ತುಂಬಿದ ಕ್ಯಾನನ್ನು ಬಸುರಿಯರಿಂದ ಎತ್ತಿಸಬೇಡಿ. ಆಸಿಡ್ ಬಳಸಿ ಜಿಡ್ಡು ಪರೀಕ್ಷೆ ಮಾಡುವ ಕಡೆ ಆ ಕೆಲಸವನ್ನು ಬೇರೆಯವರಿಗೆ ವಹಿಸಿ. ಗಬ್ಬದ ಹಸು ಕಂದು ಹಾಕಿದರೆ ಅದರ ಕಂದನ್ನಾಗಲಿ ಕಸವನ್ನಾಗಲಿ ಯಾರೂ ಬರಿಗೈಯಲ್ಲಿ ಮುಟ್ಟಬಾರದು, ಬಸುರಿಯರಂತೂ ಹತ್ತಿರವೂ ಹೋಗಬಾರದು. ಬ್ರುಸೆಲ್ಲಾ ಸೋಂಕು ಹಸುವಿನಿಂದ ಮನುಷ್ಯರಿಗೂ ತಗಲುತ್ತದೆ. ಪಶುವೈದ್ಯರಿಗೆ ತಿಳಿಸಿ, ಕೈಗವಸು ಹಾಕಿಕೊಂಡು ಸುಣ್ಣ ಹಾಕಿ ಆಳವಾಗಿ ಹೂಳಿ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಪೌಷ್ಟಿಕ ಆಹಾರ, ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ದೊರೆಯುವ 5,000 ರೂ. ನೆರವು ಇವುಗಳ ಬಗ್ಗೆ ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿ. ಗುಂಪಿನ ಒಬ್ಬರು ಬಸುರಿಯ ಜೊತೆಗೆ ಹೋಗಿ ಕಾಗದಪತ್ರ ಮಾಡಿಸಿಕೊಡಲಿ.

6. ಹಣ ಆಕೆಯ ಖಾತೆಗೇ ಹೋಗಲಿ. ಮುಯ್ಯಿಯವರು ಕರೆದು ತಂದ ಹಾಲನ್ನು ಆ ಮನೆಯ ಸದಸ್ಯೆಯ ಹೆಸರಿನಲ್ಲಿಯೇ ಬರೆಯಿರಿ. ಎಲ್ಲ ಹಾಲನ್ನೂ ಕ್ಯಾನಿಗೆ ಸುರಿಯಬೇಡಿ. ಬಾಣಂತಿಗೂ ಮನೆಯ ಚಿಕ್ಕ ಮಕ್ಕಳಿಗೂ ಬೇಕಾದಷ್ಟನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ತನ್ನಿ.

ಹಿರಿಯರಿಗೂ ಗಂಡಸರಿಗೂ ಒಂದು ಮಾತು

ಅತ್ತೆಯಂದಿರೇ, ಸೊಸೆ ಸಭೆಗೆ ಹೋದ ಎರಡು ಗಂಟೆ ಮೊಮ್ಮಗುವನ್ನು ನೀವು ನೋಡಿಕೊಂಡರೆ ಅದೂ ಸಂಘದ ಸೇವೆಯೇ. ಹಿಂದೆ ಅಧ್ಯಕ್ಷರಾಗಿದ್ದ ಹಿರಿಯ ಸದಸ್ಯೆಯರು ಹೊಸಬರ ಪಕ್ಕದಲ್ಲಿ ಕುಳಿತು ಲೆಕ್ಕಪತ್ರ, ಆಡಿಟ್ ವರದಿ ಓದುವುದನ್ನು ಕಲಿಸಿಕೊಡಿ. ಸಹಿಯನ್ನು ಮಾತ್ರ ಅವರೇ ಮಾಡಲಿ.

ಗಂಡಸರೇ, ಹೆಂಡತಿ ಅಧ್ಯಕ್ಷೆಯಾಗಿದ್ದರೆ ಆಕೆಯ ಪರವಾಗಿ ಸಭೆಯಲ್ಲಿ ಕೂರುವುದು ನೆರವಲ್ಲ. ಆಕೆ ಸಭೆಯಲ್ಲಿರುವಾಗ ಕೊಟ್ಟಿಗೆ ಗುಡಿಸಿ, ಹಸುವಿಗೆ ನೀರು ಕುಡಿಸಿ, ಮಗುವಿಗೆ ಊಟ ಮಾಡಿಸಿ. ಮಿಶ್ರ ಸಂಘಗಳ ಸದಸ್ಯರೂ ಈ ಪಾಠವನ್ನು ಬೇರೆಯವರದೆಂದು ಬಿಡಬೇಡಿ. ನಿಮ್ಮ ಸಂಘಕ್ಕೆ ಬರುವ ಹಾಲಿನ ಹಿಂದೆಯೂ ಹೆಂಗಸರ ದುಡಿಮೆಯೇ ಇದೆ.

ಮುಂದಿನ ಸಭೆಯಲ್ಲಿ ಚರ್ಚಿಸಿ

• ನಮ್ಮ ಕಾರ್ಯದರ್ಶಿ ನಾಳೆಯಿಂದ ಮೂರು ತಿಂಗಳು ಬರದಿದ್ದರೆ ಅವರ ಕೆಲಸ ಮಾಡಬಲ್ಲ ಸದಸ್ಯೆ ಯಾರು?
• ಹೆರಿಗೆ ರಜೆಯ ಬಗ್ಗೆ ನಮ್ಮ ಸಂಘದಲ್ಲಿ ನಿರ್ಣಯ ಆಗಿದೆಯೇ?
• ಕಳೆದ ಐದು ವರ್ಷಗಳಲ್ಲಿ ಹೆರಿಗೆಗೆಂದು ಹೋಗಿ ಹುದ್ದೆಗೆ ಮರಳದ ಸದಸ್ಯೆಯರು ಇದ್ದಾರೆಯೇ? ಅವರನ್ನು ಮತ್ತೆ ಕರೆತರಲು ಸಾಧ್ಯವೇ?
• ನಮ್ಮ ಬೀದಿಯಲ್ಲಿ ಮುಯ್ಯಿ ಗುಂಪಿಗೆ ಸೇರುವ ಐವರು ಯಾರು?

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ನಾವು ಹಾಲಿನ ವಿಷಯದಲ್ಲಿ ನಿಜ ಮಾಡಿ ತೋರಿಸಿದ್ದೇವೆ. ಮನೆಮನೆಯ ಒಂದೆರಡು ಲೀಟರ್ ಕೂಡಿ ಇಷ್ಟು ದೊಡ್ಡ ಒಕ್ಕೂಟವಾಗಿದೆ. ಇನ್ನು ದಿನ ಬಿಟ್ಟು ದಿನ ಒಂದು ಹೊತ್ತಿನ ದುಡಿಮೆಯನ್ನು ಕೂಡಿಸೋಣ. ನೋಟುಬುಕ್ಕಿನ ಮೊದಲ ಪುಟದಲ್ಲಿ ನಿಮ್ಮ ಐವರ ಹೆಸರನ್ನು ಈ ವಾರವೇ ಬರೆಯಿರಿ.